ಮುತ್ಯಾಲಮ್ಮನ ಪಾಚಿ ಹೊಂಡ

ಮುತ್ಯಾಲಮ್ಮನ ಬಾಯಿಗೆ ಹೆದರದವರು ಗುಂಡ್ಲಹಳ್ಳಿಯಲ್ಲಿ ಇಬ್ಬರೇ ಇದ್ದರು. ಒಬ್ಬ ಕಿವುಡ ಬೈರಣ್ಣ, ಇನ್ನೊಬ್ಬಳು ಅವಳ ಅತ್ತೆ ಸಪ್ಪಲಮ್ಮ. ಬೈರಣ್ಣನಿಗೆ ಕೇಳಿಸುತ್ತಿರಲಿಲ್ಲ. ಸಪ್ಪಲಮ್ಮನಿಗೆ ಎಲ್ಲ ಕೇಳಿಸುತ್ತಿತ್ತು, ಆದರೂ ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾ, ಯಾರದೋ ಮನೆಯ ಮಾತು ಅನ್ನುವ ಹಾಗೆ ಕೂತಿರುತ್ತಿದ್ದಳು. ಉಳಿದ ಊರೆಲ್ಲ ಮುತ್ಯಾಲಮ್ಮ ಬೀದಿಯಲ್ಲಿ ಬರುತ್ತಿದ್ದರೆ ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗಿಬಿಡುತ್ತಿತ್ತು. ಹೋಗದೆ ಏನು ಮಾಡುತ್ತಾರೆ? ಹೊಸ ಅಂಗಿ ಹಾಕಿಕೊಂಡವನನ್ನು ಕಂಡರೆ 'ಅಂಗಿ ಚೆನ್ನಾಗದೆ, ಒಳಗಿರೋನ್ನ ಯಾವಾಗ ಬದಲಾಯಿಸ್ತೀಯ' ಅನ್ನುವವಳು. ಗುಡಿಗೆ ಹೊರಟವರನ್ನು 'ದೇವ್ರಿಗೂ ಸ್ವಲ್ಪ ಪುರುಸೊತ್ತು ಕೊಡ್ರವ್ವ' ಅಂತ ತಡೆಯುವವಳು. ಮೆಚ್ಚುವುದು ಅನ್ನುವುದೊಂದು ಇದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡುವುದಕ್ಕೆ ಅವಳಿಗೆ ಒಳ್ಳೆಯ ದಿನಗಳಾದರೂ ಎಲ್ಲಿದ್ದವು? ಗಂಡ ಮುನಿಸ್ವಾಮಿ ಜ್ವರ ಬಂದು ಹೋದಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಕ್ಕಳಿಲ್ಲ. ತವರಿಗೆ ಹೋಗಿಬಿಡುತ್ತಾಳೆ ಎಂದು ಊರು ಕಾದು ಕೂತಿತು. ಮೈದುನ ಬೈಲಪ್ಪನಂತೂ ಅಣ್ಣನ ಪಾಲಿನ ಹೊಲದಲ್ಲಿ ಯಾವ ಬೆಳೆ ಇಡುವುದು ಎಂದು ಆಗಲೇ ಯೋಚಿಸುತ್ತಿದ್ದ. ಅವಳು ಹೋಗಲಿಲ್ಲ. ರಾಗಿ ಬೆಳೆಯುತ್ತಿದ್ದ ಆ ನೆಲದಲ್ಲಿ ಕನಕಾಂಬರ, ಸೇವಂತಿಗೆ, ಮಲ್ಲಿಗೆ ಇಟ್ಟಳು. 'ರಾಗಿ ಬಿಟ್ಟು ಹೂವ ತಿಂತೀಯೇನೇ' ಎಂದು ಕೇಳಿದವರಿಗೆ 'ನಿಮ್ಮ ಹೆಂಡ್ರು ಮುಡೀತಾರಲ್ಲ, ಅದೇ ನನ್ ರಾಗಿ' ಅಂದಳು. ಬೆಳಗಿನ ಜಾವ ಎದ್ದು, ಹೂ ಬಿಡಿಸಿ, ಕುಕ್ಕೆ ತಲೆಯ ಮೇಲಿಟ್ಟು ದೊಡ್ಡಬಳ್ಳಾಪುರದ ಬಸ್ಸು ಹತ್ತಿ, ಮಹಬೂಬ್ ಸಾಬರ ಹೂವಿನ ಮಂಡಿಗೆ ಸುರಿದು ಬರುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆಯಿತು. ತೋಟ ನಿಂತಿತು, ಅವಳೂ ನಿಂತಳು.

ಮಾತಿನಲ್ಲಿ ಯಾರಿಗೂ ಸೋಲದ ಆ ಹೆಂಗಸು ಸೋತದ್ದು ಕಂಬಳಿಹುಳುವಿಗೆ. ಒಂದು ವರ್ಷ ಸೇವಂತಿಗೆಗೆ ಹುಳು ಬಿದ್ದಿತು. ಪೇಟೆಯಲ್ಲಿ ಹುಳಕ್ಕೆ ಹೊಸದಾಗಿ ಬಿಳಿ ಪುಡಿ ಬಂದಿತ್ತು. ಮಾರುವವನು 'ಸ್ವಲ್ಪ ಉದುರಿಸಮ್ಮ' ಅಂದ. ಸ್ವಲ್ಪ ಅನ್ನುವ ಮಾತು ಅವಳಿಗೆ ಆಗುತ್ತಿರಲಿಲ್ಲ. ಕಳ್ಳೇಪುರಿ ಎರಚಿದ ಹಾಗೆ ಸಾಲುಸಾಲಿಗೆ ಹಿಡಿ ಹಿಡಿಯಾಗಿ ಎರಚಿದಳು. ಹುಳ ಸತ್ತವು. ಜೊತೆಗೆ ಕಾಲುವೆಯ ಕಪ್ಪೆಗಳು ಹೊಟ್ಟೆ ಮೇಲು ಮಾಡಿ ತೇಲಿದವು, ಗಿಡದ ಬುಡದಲ್ಲಿ ಪಿಕಳಾರ ಹಕ್ಕಿಗಳು ಸತ್ತು ಬಿದ್ದಿದ್ದವು, ಮಲ್ಲಿಗೆ ಚಪ್ಪರದ ಗುಬ್ಬಿಗಳು ಎಲ್ಲಿ ಹೋದವೋ ತಿರುಗಿ ಬರಲೇ ಇಲ್ಲ. ಮರುವರ್ಷ ಹುಳ ಎರಡರಷ್ಟಾಗಿ ಬಂತು, ತಿನ್ನುವವರು ಯಾರೂ ಇರಲಿಲ್ಲ. ಯಾರನ್ನಾದರೂ ಬೈಯಬೇಕಿತ್ತು. ಆದರೆ ಪುಡಿ ತಂದದ್ದು ಅವಳು, ಎರಚಿದ್ದೂ ಅವಳದೇ ಕೈ. ಅದು ಒಳಗೇ ಕೊರೆಯುತ್ತಿತ್ತು.

ಕಪ್ಪೆ ತಿರುಗಿ ಬರಬೇಕು, ಹಕ್ಕಿ ಬರಬೇಕು, ಇಲ್ಲದಿದ್ದರೆ ತೋಟ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬರುವುದಾದರೂ ಎಲ್ಲಿಗೆ? ಕರೆಂಟು ಬಂದು ಬಾವಿಗೆ ಪಂಪು ಕೂರಿಸಿದ ಮೇಲೆ ಕಪಿಲೆ ನಿಂತಿತ್ತು. ಎತ್ತು ನೀರೆಳೆಯುವಾಗ ಸೋರಿ ಸದಾ ಹಸಿಯಾಗಿರುತ್ತಿದ್ದ ಬಾವಿಯ ಸುತ್ತು ಈಗ ಒಣಗಿ ಬಿರಿದಿತ್ತು. ಅರವತ್ತೆಂಟನೇ ಇಸವಿಯ ಮಾಘದಲ್ಲಿ ಅವಳು ತೋಟದ ಬಡಗಣ ಮೂಲೆಯಲ್ಲಿ ಒಂದು ಹೊಂಡ ತೋಡಿಸಲು ನಿಂತಳು. ಹೊಲಕ್ಕೆ ನೀರು ಕಟ್ಟುವುದಕ್ಕಲ್ಲ, ದನ ತೊಳೆಯುವುದಕ್ಕಲ್ಲ, ಬಟ್ಟೆ ಒಗೆಯುವುದಕ್ಕೂ ಅಲ್ಲ. ಕಪ್ಪೆಗೆ.

ಕಪ್ಪೆಗೆ ಹೊಂಡ! ಊರು ಹೊಟ್ಟೆ ಹಿಡಿದು ನಕ್ಕಿತು. ನಗದವನು ಬೈಲಪ್ಪ ಒಬ್ಬನೇ. ಆ ಮೂಲೆ ಇನ್ನೂ ಪಾಲಾಗದೆ ಇಬ್ಬರಿಗೂ ಸೇರಿದ್ದಾಗಿತ್ತು. ಅವನಿಗೆ ಅಲ್ಲಿ ಕಣ ಮಾಡಬೇಕಿತ್ತು, ರಾಗಿ ಬಡಿಯುವುದಕ್ಕೆ.

"ಅತ್ತಿಗೆ, ಆ ಜಾಗ ನಂಗೂ ಸೇರ್ಬೇಕು," ಅಂದ.

"ಸೇರ್ಬೇಕು ಅಂತ ಇದ್ದೋನು ಇಷ್ಟು ವರ್ಷ ಅಲ್ಲಿ ಒಂದು ಹುಲ್ಲುಕಡ್ಡೀನಾದ್ರೂ ಕಿತ್ತಿದ್ದೀಯಾ? ಹೆಂಡ್ತಿ ಕಿತ್ತಿದ್ದಾಳೆ, ಅದೂ ನಾನು ಬೈದ್ಮೇಲೆ."

ಬೈಲಪ್ಪ ತಾಯಿಯ ಮುಖ ನೋಡಿದ. ಮನೆ ಎರಡಾದಾಗ ಸಪ್ಪಲಮ್ಮ ಮಗನ ಕಡೆಗೆ ಹೋಗದೆ ವಿಧವೆ ಸೊಸೆಯ ಜಗಲಿಯಲ್ಲೇ ಉಳಿದಿದ್ದಳು. ಯಾಕೆ ಉಳಿದಳು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಈಗಲೂ ಅವಳು ಮಗನಿಗೆ ಏನೂ ಹೇಳಲಿಲ್ಲ. ಹೊಂಡಕ್ಕೆ ನೀರು ಬಿಟ್ಟ ದಿನ ಮಾತ್ರ ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ, ಅರಿಶಿನ ಕುಂಕುಮ ತಂದು ಗಂಗಮ್ಮನಿಗೆ ಅಂತ ನೀರಿಗೆ ಬಿಟ್ಟು ಕೈಮುಗಿದಳು.

"ಗಂಗಮ್ಮ ಹಸ್ಕೊಂಡಿದ್ಲಾ ಅತ್ತೆ?" ಎಂದು ಮುತ್ಯಾಲಮ್ಮ ಮೂದಲಿಸಿದಳು. "ನನಗೆ ಒಂದಿನ ಹಿಂಗೆ ಬಡಿಸಿದ್ರೆ ನಾನೂ ತಣ್ಣಗಿರ್ತಿದ್ದೆ."

ಸಪ್ಪಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ಹೊಂಡವನ್ನು ಮುತ್ಯಾಲಮ್ಮ ಚೆನ್ನಾಗಿಯೇ ಮಾಡಿಸಿದ್ದಳು. ಒಂದು ಕಡೆ ಸೊಂಟದಾಳ, ಇನ್ನೊಂದು ಕಡೆ ಇಳಿಜಾರು, ಬಿದ್ದ ಹಕ್ಕಿಮರಿಯೂ ನಡೆದು ಮೇಲೆ ಬರುವ ಹಾಗೆ. ಶಿವರಾತ್ರಿ ಬರುವ ಹೊತ್ತಿಗೆ ಅದು ಹಸಿರಾಯಿತು. ಮೊದಲು ನೀರಿಗೆ ಸೊಪ್ಪು ಅರೆದು ಕಲಸಿದಂಥ ಬಣ್ಣ ಬಂತು, ಆಮೇಲೆ ದಾರದಾರವಾಗಿ ಪಾಚಿ ಎದ್ದು, ಕೊನೆಗೆ ಮೇಲೆಲ್ಲ ದಪ್ಪ ಕಂಬಳಿ ಹೊದ್ದುಕೊಂಡಿತು. ಕಪ್ಪೆ ಇರಲಿ, ಸೊಳ್ಳೆಯೂ ಅಲ್ಲಿ ಇಳಿಯಲು ಜಾಗ ಹುಡುಕಬೇಕಿತ್ತು. ಊರಿಗೆ ಹಬ್ಬವಾಯಿತು. ಇಷ್ಟು ವರ್ಷ ಬೈಸಿಕೊಂಡವರೆಲ್ಲ ಸಾಲಾಗಿ ಬಂದು ದಡದಲ್ಲಿ ನಿಂತು ತಲೆಗೊಂದು ಸಲಹೆ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಸಲಹೆಗೇನು ಬರ?

ಬೈಲಪ್ಪ ಸುಣ್ಣ ಸುರಿ ಅಂದ. "ಸುರೀತೀನಿ, ಮೊದಲು ನೀನು ಒಂದು ಚೊಂಬು ಕುಡಿದು ತೋರ್ಸು," ಅಂದಳು. ಶಾಲೆಯ ವೆಂಕಟರಾಮಪ್ಪ ಮೇಷ್ಟ್ರು ಮೈಲುತುತ್ತ ಹಾಕಿದರೆ ಪಾಚಿ ಒಂದೇ ವಾರದಲ್ಲಿ ಸಾಯುತ್ತದೆ, ದ್ರಾಕ್ಷಿ ತೋಟದವರು ರೋಗಕ್ಕೆ ಅದನ್ನೇ ಹೊಡೆಯುವುದು ಎಂದು ಪಾಠದ ಧಾಟಿಯಲ್ಲಿ ವಿವರಿಸಿದರು. "ಪಾಚಿ ಸಾಯುತ್ತೆ ಮೇಷ್ಟ್ರೇ, ಜೊತೆಗೆ ಇನ್ನೇನೇನು ಸಾಯುತ್ತೆ ಅಂತ ನಿಮ್ಮ ಪುಸ್ತಕದಲ್ಲಿ ಬರ್ದಿಲ್ವಾ? ನಾನು ನೋಡಿದ್ದೀನಿ, ಪುಸ್ತಕ ಬೇಡ," ಅಂದಳು. ಮಂಡಿಯಲ್ಲಿ ಮಹಬೂಬ್ ಸಾಬರು ಮೀನು ಬಿಡು ಅಂದರು. "ಮುತ್ಯಾಲಕ್ಕ, ಮೀನು ಪಾಚಿ ತಿಂತದೆ, ನೀವು ಮೀನು ತಿನ್ನಿ."

"ಮೀನು ಕಪ್ಪೆ ಮೊಟ್ಟೇನೂ ತಿಂತದೆ ಸಾಬ್ರೇ. ಹೂವ ತೂಗೋ ಕೆಲಸ ಮಾಡ್ಕೊಳ್ಳಿ, ತಕ್ಕಡಿ ಮೇಲೆ ಬೆರಳಿಡದೆ."

ಒಬ್ಬರ ಮಾತನ್ನೂ ಕೇಳದೆ ಅವಳು ತನ್ನ ದಾರಿ ಹಿಡಿದಳು. ಕವೆಗೋಲಿಗೆ ಪಾಚಿಯನ್ನು ಶಾವಿಗೆ ಸುತ್ತಿದ ಹಾಗೆ ಸುತ್ತಿ ಎಳೆದು ದಡಕ್ಕೆ ಹಾಕಿದಳು. ಮೊದಲ ದಿನ ಹಾಕಿದ ಗುಡ್ಡೆಯೊಳಗಿಂದ ಸಣ್ಣ ಸಣ್ಣ ನೀರುಹುಳುಗಳು, ಬಸವನಹುಳುಗಳು ಹೊರಟು ತಿರುಗಿ ನೀರಿನ ಕಡೆ ತೆವಳುವುದು ಕಂಡಿತು. ಅಂದಿನಿಂದ ಪಾಚಿಯನ್ನು ನೀರಿನ ಅಂಚಿನಲ್ಲೇ ಒಂದು ದಿನ ಬಿಟ್ಟು, ಹೋಗುವವು ಹೋದ ಮೇಲೆ ದೂರಕ್ಕೆ ಎತ್ತಿ ಹಾಕುತ್ತಿದ್ದಳು. ಊರ ಕೆರೆಯಿಂದ ನೈದಿಲೆಯ ಗೆಡ್ಡೆ ತಂದು ಆಳದಲ್ಲಿ ನೆಟ್ಟಳು, ಎಲೆ ಹರಡಿ ನೆರಳಾಗಲಿ ಎಂದು. ಅಂಚಿಗೆ ಜೊಂಡು ಇಟ್ಟಳು. ಹಳೆಯ ರಾಗಿಹುಲ್ಲಿನ ಕಂತೆ ಕಟ್ಟಿ ತೇಲಿಬಿಟ್ಟಳು. ರಾಗಿಹುಲ್ಲು ಬಿದ್ದ ಗೋಕಟ್ಟೆಯಲ್ಲಿ ಪಾಚಿ ಕಡಿಮೆ ಎಂದು ಅವಳು ಚಿಕ್ಕಂದಿನಲ್ಲಿ ತವರಿನಲ್ಲಿ ಕಂಡಿದ್ದಳು, ನಿಜವೋ ಸುಳ್ಳೋ. ಬಾವಿಯ ಹೊಸ ನೀರು ತುಂಬಿಸಿ ಎಂದವರಿಗೆ, ಕಲಕಿದ್ದಷ್ಟೂ ಕೆಡುತ್ತದೆ, ಸುಮ್ಮನಿರಿ ಎಂದಳು.

ಇಷ್ಟೆಲ್ಲ ಮಾಡಿದವಳು ಸಂಜೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದಳು. ಮಂಡಿಯಲ್ಲಿ ಮಾರಾಟವಾಗದೆ ಉಳಿದು ಬಂದ ಹೂವನ್ನು ತಂದು ಹೊಂಡಕ್ಕೆ ಬಿಡುತ್ತಿದ್ದಳು. ಅದನ್ನು ಅವಳು ಕೆಲಸ ಅಂತ ಎಣಿಸಿರಲೂ ಇಲ್ಲ. ಹೂವು ದೇವರ ತಲೆಗೆ ಏರುವುದು, ಹೆಂಗಸರ ಮುಡಿಗೆ ಏರುವುದು, ಅದು ಕಾಲ ಕೆಳಗೆ ಬೀಳಬಾರದು. ಬಾಡಿದ್ದನ್ನು ನೀರಿಗೆ ಬಿಡಬೇಕು. ಹೂ ಬೆಳೆಯುವ ಮನೆಗಳಲ್ಲಿ ಎಲ್ಲರೂ ಹೀಗೇ. ಮೊದಲೆಲ್ಲ ಅವಳು ಕಪಿಲೆಯ ಕಾಲುವೆಗೆ ಬಿಡುತ್ತಿದ್ದಳು, ಅದು ಹರಿದು ಹೋಗುತ್ತಿತ್ತು. ಈಗ ಹೊಂಡವಿತ್ತು. ಗಂಗಮ್ಮನ ಅಕ್ಕಿಗೆ ನಕ್ಕವಳಿಗೆ ತನ್ನ ಕುಕ್ಕೆ ಕಾಣಿಸಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಯುಗಾದಿ ಕಳೆದು ಮದುವೆಯ ಕಾಲ ಬಂತು. ಮಂಡಿಗೆ ಎಷ್ಟು ಹೂ ಹೋದರೂ ಸಾಲದು. ಕುಕ್ಕೆ ಇಳಿಸುವ ಮೊದಲೇ ಮಹಬೂಬ್ ಸಾಬರು ಕಸಿದುಕೊಳ್ಳುತ್ತಿದ್ದರು. ಒಂದು ಎಸಳೂ ವಾಪಸು ಬರುತ್ತಿರಲಿಲ್ಲ. ಇತ್ತ ಹೊಂಡ ದಿನದಿನಕ್ಕೆ ತಿಳಿಯಾಗತೊಡಗಿತು. ವೈಶಾಖದಲ್ಲಿ ನೈದಿಲೆಯ ಎಲೆ ತಟ್ಟೆಯಷ್ಟಾಯಿತು, ತಳದ ಕಲ್ಲು ಕಂಡವು, ಒಂದು ಕೆಂಪು ಏರೋಪ್ಲೇನ್ ಚಿಟ್ಟೆ ಬಂದು ಜೊಂಡಿನ ತುದಿಯಲ್ಲಿ ಕೂತಿತು. ಮುತ್ಯಾಲಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಾಗಿಹುಲ್ಲಿನ ಮಹಿಮೆಯನ್ನು ಊರೂರಿಗೆ ಸಾರಿದಳು. ಬಸ್ಸು ನಿಲ್ಲುವ ಅರಳಿಕಟ್ಟೆಯಲ್ಲಿ ಜನ ಸೇರಿದ್ದಾಗ ಮೇಷ್ಟ್ರನ್ನು ನಿಲ್ಲಿಸಿ, "ಏನ್ ಮೇಷ್ಟ್ರೇ, ಮೈಲುತುತ್ತ ಇಟ್ಕೊಂಡಿದ್ದೀರಾ, ಇಲ್ಲ ಖರ್ಚಾಯ್ತಾ?" ಎಂದು ಕೇಳಿದಳು.

ಅಲ್ಲೇ ಕೂತಿದ್ದ ಬೈಲಪ್ಪ, "ಬೇಸ್ಗೇಲಿ ತಿಳಿಯಾಯ್ತು ಅಂತ ಹಿಗ್ಬೇಡ ಅತ್ತಿಗೆ. ಮಳೆ ಬೀಳ್ಲಿ, ನೋಡಾನ," ಅಂದ.

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರುವುದು ಅವಳ ಜಾತಕದಲ್ಲಿ ಇರಲಿಲ್ಲ.

"ನೋಡೋದೇನು? ಗೌರಿ ಬಿಡೋ ದಿನ ಊರ ಗೌರೀನೆಲ್ಲ ನನ್ ಹೊಂಡಕ್ಕೇ ತನ್ನಿ. ತಳ ಕಾಣ್ದಿದ್ರೆ ಅವತ್ತೇ ನೀನು ಮಣ್ಣು ಸುರಿದು ಕಣ ಮಾಡ್ಕೋ. ನಾನು ಬಾಯಿ ತೆಗೆಯಲ್ಲ."

"ಎಲ್ಲಾರೂ ಕೇಳಿಸ್ಕೊಂಡ್ರಲ್ಲ?" ಎಂದು ಬೈಲಪ್ಪ ಎದ್ದು ನಿಂತ. ಎಲ್ಲರೂ ಕೇಳಿಸಿಕೊಂಡಿದ್ದರು. ಮುತ್ಯಾಲಮ್ಮ ಬಾಯಿ ತೆಗೆಯದ ದಿನವೊಂದು ಬರಬಹುದು ಎಂಬ ಆಸೆಗೇ ಊರು ಆ ಮಾತನ್ನು ಭದ್ರವಾಗಿ ನೆನಪಿಟ್ಟುಕೊಂಡಿತು.

ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಹೂವಿಗೆ ಗತಿಯಿಲ್ಲ. ತೋಟ ಮಾತ್ರ ಮೊದಲ ಮಳೆಗೆ ಮೈತುಂಬ ಅರಳಿತು. ಒಯ್ದ ಕುಕ್ಕೆಯಲ್ಲಿ ಮುಕ್ಕಾಲು ಪಾಲು ವಾಪಸು ಬರುತ್ತಿತ್ತು, ಸಂಜೆ ಹೊಂಡಕ್ಕೆ ಹೋಗುತ್ತಿತ್ತು. ನೀರು ಮತ್ತೆ ಹಸಿರಾಯಿತು. ಈ ಸಲ ಹಸಿರಷ್ಟೇ ಅಲ್ಲ, ನಾತ. ಆ ಕೆಂಪು ಚಿಟ್ಟೆಯೂ ಕಾಣದಾಯಿತು. ಅವಳು ಹೊಸ ರಾಗಿಹುಲ್ಲು ಹಾಕಿದಳು, ಇನ್ನೂ ಹಾಕಿದಳು. ದಿನವಿಡೀ ಕವೆಗೋಲು ಹಿಡಿದು ನಿಂತಳು. ಎಳೆದಷ್ಟೂ ಬೆಳೆಯಿತು.

ಅವಳಿಗೆ ನಿದ್ದೆ ಹತ್ತದಾಯಿತು. ಸೋಲು ದೊಡ್ಡದಲ್ಲ, ಊರು ನಗುವುದೂ ದೊಡ್ಡದಲ್ಲ. ಹೊಂಡ ಹೋದರೆ ಕಪ್ಪೆ ಬರುವುದಿಲ್ಲ, ತಾನು ಕೊಂದದ್ದು ಕೊಂದ ಹಾಗೇ ಉಳಿಯುತ್ತದೆ. ಆ ಪುಡಿಯ ಬಿಳುಪು ಇನ್ನೂ ತನ್ನ ಕೈಗೆ ಅಂಟಿದೆ ಅನ್ನಿಸುತ್ತಿತ್ತು. ಇದನ್ನು ಯಾರ ಮುಂದೆ ಹೇಳುವುದು? ಹೇಳುವ ಬದಲು ಬೈಯಲು ಶುರುಮಾಡಿದಳು. ಬೈಲಪ್ಪನ ಎಮ್ಮೆ ಬಂದು ಮೈ ತೊಳೆದುಕೊಂಡು ಹೋಗುತ್ತಿದೆ ಎಂದು ರಂಪ ಮಾಡಿದಳು. ಆ ಎಮ್ಮೆ ಮಾರಿ ಆಗಲೇ ವರ್ಷವಾಗಿತ್ತು. ಓರಗಿತ್ತಿ ಅನುಸೂಯಮ್ಮ, ಬೈಲಪ್ಪನ ಹೆಂಡತಿ, ಕದ್ದು ಸೀಗೆನೀರು ಚೆಲ್ಲಿರಬೇಕು ಅಂದಳು. ಆ ಹೆಣ್ಣುಮಗಳು ಅತ್ತುಬಿಟ್ಟಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕು ನೆಲವೂ ಮುಗಿದ ಮೇಲೆ ಉಳಿದವಳು ಜಗಲಿಯ ಮೇಲಿನ ಮುದುಕಿ.

ಅದು ಬೀದಿಯಲ್ಲಿ ಜನ ಓಡಾಡುವ ಹೊತ್ತು. ಮುತ್ಯಾಲಮ್ಮ ಹೊಂಡದಿಂದ ಹಸಿರು ಮೆತ್ತಿದ ಕೈಯಲ್ಲೇ ಬಂದು ಜಗಲಿಯ ಮುಂದೆ ನಿಂತಳು.

"ನಿನ್ ಕೆಲ್ಸಾನೇ ಇದು ಅತ್ತೆ. ಅಕ್ಕಿ ಬೆಲ್ಲ ಸುರ್ದು ಸುರ್ದು ನೀರ್ನ ಕೊಳೆಸಿಬಿಟ್ಟೆ. ಗಂಗಮ್ಮಂಗೆ ಮಡ್ಲಕ್ಕಿ ತುಂಬ್ತಾಳಂತೆ, ಮಡ್ಲಕ್ಕಿ. ಮಗನ ಕಣಕ್ಕೆ ದಾರಿ ಮಾಡ್ಕೊಡ್ತಿದ್ದೀಯಾ? ಉಣ್ಣೋದು ಇಲ್ಲಿ, ದೀಪಕ್ಕೆ ಎಣ್ಣೆ ಹಾಕೋದು ಅಲ್ಲಿ."

ಬೀದಿ ನಿಂತುಬಿಟ್ಟಿತು. ಸಪ್ಪಲಮ್ಮ ಕುಟ್ಟುತ್ತಿದ್ದುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಆಯಾಸ ಕಂಡಿತು.

"ನಾನು ಹಾಕಿದ್ದು ಒಂದ್ ಹಿಡಿ ಕಣೇ. ಅದೂ ನೀರು ಬಿಟ್ ದಿನ. ನೀನು ದಿನಾ ಕುಕ್ಕೆ ಸುರೀತೀಯ."

ಅಷ್ಟೇ ಹೇಳಿ ಮತ್ತೆ ಕುಟ್ಟತೊಡಗಿದಳು. ಅದನ್ನು ಕಂಡುಹಿಡಿದು ಹೇಳಿದ್ದೇನೂ ಅಲ್ಲ. ತನ್ನ ಮೇಲೆ ಬಂದ ಮಾತಿಗೆ ಒಂದು ಲೆಕ್ಕ ಹೇಳಿದಳು ಅಷ್ಟೆ.

ಮುತ್ಯಾಲಮ್ಮ ತಿರುಗಿ ಹೊಂಡಕ್ಕೆ ಹೋದಳು, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಕವೆಗೋಲಿನಿಂದ ಮೇಲಿನ ಪಾಚಿಯನ್ನಷ್ಟೇ ಎಳೆದಿದ್ದವಳು ಈಗ ಬಗ್ಗಿ ತಳಕ್ಕೆ ಕೈಹಾಕಿದಳು. ಹಿಡಿ ತುಂಬ ಕರಿ ಗೊಬ್ಬರ ಬಂತು. ಒಂದೊಂದು ಹಿಡಿಯಲ್ಲೂ ಕೊಳೆತ ಸೇವಂತಿಗೆಯ ಮೂತಿ, ಕನಕಾಂಬರದ ತೊಟ್ಟು. ಮೊಣಕೈಯವರೆಗೆ ಅದೇ. ಹೂ ತೋಟಕ್ಕೆ ಗೊಬ್ಬರ ಹಾಕಿದರೆ ಗಿಡ ಹೇಗೆ ಏಳುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಾಚಿಯೂ ಗಿಡವೇ. ತಾನು ದಿನಾ ಸಂಜೆ ಅದಕ್ಕೆ ಉಣ್ಣಿಸಿ, ದಿನಾ ಬೆಳಿಗ್ಗೆ ಅದನ್ನು ಕಿತ್ತಿದ್ದಳು. ರಾಗಿಹುಲ್ಲು ಏನೂ ಮಾಡಿರಲಿಲ್ಲ, ಮದುವೆ ಮನೆಗಳು ಮಾಡಿದ್ದವು.

ಇಷ್ಟು ತಿಳಿದ ಮೇಲೆ ಮಾಡಬೇಕಾದ್ದು ಸುಲಭವಿತ್ತು. ಉಳಿದ ಹೂವನ್ನು ತಿಪ್ಪೆಗೆ ಹಾಕಬೇಕು, ಸಗಣಿಯ ಜೊತೆ ಕೊಳೆತು ಗೊಬ್ಬರವಾಗುತ್ತದೆ. ಮರುದಿನ ಸಂಜೆ ಅವಳು ಕುಕ್ಕೆ ಎತ್ತಿಕೊಂಡು ತಿಪ್ಪೆಯ ಹತ್ತಿರ ಹೋದಳು. ನಿಂತಳು. ಕೋಳಿ ಕೆದಕುತ್ತಿದ್ದ ಆ ಸಗಣಿ ಕಸದ ಗುಡ್ಡೆಯ ಮೇಲೆ ಕುಕ್ಕೆ ಮಗುಚಲು ಕೈ ಏಳಲಿಲ್ಲ. ದೇವರನ್ನು ಹಂಗಿಸಿದವಳು, ಗುಡಿಯ ಗಂಟೆಗೂ ಹೆಸರಿಟ್ಟವಳು ಬಾಡಿದ ಹೂವಿಗೆ ಸೋತಳು. ತನಗೇ ನಾಚಿಕೆಯಾಯಿತು. ನಗುವವರು ಯಾರಾದರೂ ಇದ್ದಾರಾ ಎಂದು ಸುತ್ತ ನೋಡಿದಳು. ಜಗಲಿಯ ಮೇಲೆ ಅತ್ತೆ ಒಬ್ಬಳೇ ಈ ಕಡೆ ಮುಖಮಾಡಿ ಕೂತಿದ್ದಳು, ಅವಳಿಗೆ ದೂರದ ದೃಷ್ಟಿ ಮಂದ ಎಂದುಕೊಂಡಳು. ಮುತ್ಯಾಲಮ್ಮ ಕುಕ್ಕೆಯನ್ನು ಹಾಗೇ ತಿರುಗಿ ತಂದು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದಳು.

ಆಮೇಲೆ ಅವಳು ಬೇರೆ ಉಪಾಯ ಮಾಡಿದಳು. ಮಾರುವಷ್ಟು ಹೂವನ್ನು ಮಾತ್ರ ಬಿಡಿಸಿ ಉಳಿದದ್ದನ್ನು ಗಿಡದಲ್ಲೇ ಬಿಟ್ಟಳು. ಗಿಡದ ಮೇಲೆ ಬಾಡಿದ ಹೂವು ಯಾರ ಕಾಲಿಗೂ ಸಿಗುವುದಿಲ್ಲ, ಆದರೆ ಗಿಡ ಸೊರಗಿ ಮುಂದಿನ ಮೊಗ್ಗು ಕಡಿಮೆಯಾಗುತ್ತದೆ. ಆಗಲಿ ಅಂದಳು. ಹೊಂಡದ ತಳದ ಕೊಳೆಯನ್ನು ಕುಕ್ಕೆಕುಕ್ಕೆಯಾಗಿ, ನೀರು ಹೆಚ್ಚು ಕಲಕದ ಹಾಗೆ, ಸ್ವಲ್ಪ ಸ್ವಲ್ಪವೇ ತೆಗೆದಳು. ಅದು ಕೊಳೆತು ಹೂವಿನ ರೂಪ ಬಿಟ್ಟಿತ್ತಾದ್ದರಿಂದ ಗಿಡದ ಬುಡಕ್ಕೆ ಹಾಕಲು ಕೈ ಅಡ್ಡಬರಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಬೀದಿಯಲ್ಲಿ ಕೂಗಿ ಹೊರಿಸಿದ್ದನ್ನು ಒಳಮನೆಯಲ್ಲಿ ಪಿಸುಗುಟ್ಟಿ ಇಳಿಸುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಅತ್ತೆಯ ಎಲೆಗೆ ಎರಡು ಹನಿ ತುಪ್ಪ ಜಾಸ್ತಿ ಹಾಕಿದಳು. ಮುದುಕಿ ತುಪ್ಪ ನೋಡಿದಳು, ಸೊಸೆಯನ್ನು ನೋಡಿದಳು, ಉಂಡಳು.

ಶ್ರಾವಣದಲ್ಲಿ ಹಬ್ಬಗಳು ಹೂವನ್ನೆಲ್ಲ ನುಂಗಿದವು. ಹದವಾಗಿ ಮಳೆ ಬಿತ್ತು. ಪಾಚಿ ತಾನಾಗಿ ತೆಳುವಾಯಿತು, ನೈದಿಲೆ ಹರಡಿತು. ಒಂದು ದಿನ ಮುತ್ಯಾಲಮ್ಮ ಬಗ್ಗಿ ನೋಡಿದರೆ ಅಂಚಿನ ಉಳಿದ ಪಾಚಿಯ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ ಕಪ್ಪೆಯ ಮೊಟ್ಟೆ. ಕೆಲವು ದಿನಕ್ಕೆ ಗೊದಮೊಟ್ಟೆಗಳು ಬಾಲ ಆಡಿಸುತ್ತಾ ಆ ಪಾಚಿಯನ್ನೇ ಕೆರೆದು ತಿನ್ನತೊಡಗಿದವು. ಅವಳು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿಕೊಂಡಿತು. ಹೊಗೆ ಅಂತ ಹೇಳಲು ಅಲ್ಲಿ ಒಲೆಯೂ ಇರಲಿಲ್ಲ.

ಗೌರಿ ಬಿಡುವ ದಿನ ಬೈಲಪ್ಪ ಗಾಡಿ ತುಂಬ ಮಣ್ಣು ಹೇರಿಕೊಂಡು ಬಂದ. ಆಷಾಢದ ನಾತ ಅವನ ಮೂಗಿನಲ್ಲಿ ಇನ್ನೂ ಇತ್ತು, ಅದಾದ ಮೇಲೆ ಈ ಕಡೆ ಇಣುಕಿರಲಿಲ್ಲ. ಹಿಂದೆ ಊರು, ತಮಾಷೆಗೆ. ಬೈಲಪ್ಪ ಬಗ್ಗಿ ನೋಡಿದ. ತಳದ ಕಲ್ಲು ಕಾಣುತ್ತಿತ್ತು. ಅವನ ಮುಖ ಇಳಿಯಿತು, ಆದರೆ ಒಂದೇ ಗಳಿಗೆ.

"ಗೆದ್ದೆ ಅತ್ತಿಗೆ, ಒಪ್ದೆ," ಅಂದ. ಹೆಂಗಸರ ಕಡೆ ತಿರುಗಿ, "ಬನ್ರವ್ವ, ಊರ ಗೌರೀನೆಲ್ಲ ಇಲ್ಲೇ ತನ್ನಿ ಅಂತ ಅವಳೇ ಕರ್ದಿದ್ದು. ಬಿಡಿ."

ಮುತ್ಯಾಲಮ್ಮ ಆ ಕಡೆ ನೋಡಿದಳು. ಮುಂದೆ ಅನುಸೂಯಮ್ಮ ಮಣ್ಣಿನ ಗೌರಿಯನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ, ಒಬ್ಬೊಬ್ಬರ ಮೊರದಲ್ಲೂ ಹಬ್ಬದ ಪೂಜೆಯ ಹೂವಿನ ರಾಶಿ. ಹೂವೆಲ್ಲ ಅವಳದೇ ತೋಟದ್ದು, ಅವಳೇ ಮಾರಿದ್ದು. ಅಷ್ಟೂ ನೀರಿಗೆ ಬಿದ್ದರೆ ಒಂದು ವಾರ ಸಾಕು. ಬೇಡ ಅಂದರೆ ಕಟ್ಟೆಯ ಮೇಲೆ ಆಡಿದ ಮಾತು ಮುರಿಯಿತು, ಗಾಡಿ ಮಣ್ಣು ಸಿದ್ಧವಾಗಿ ನಿಂತಿದೆ. ತನ್ನ ಬಾಯಿ ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ಅವಳಿಗೆ ಕಂಡಿತು.

"ಗೌರಿ ಬಿಡಿ," ಅಂದಳು. "ಬರೀ ಮಣ್ಣು, ಕರಗುತ್ತೆ. ಹೂವ ಬಿಡ್ಬೇಡಿ."

"ಅಂದ್ರೆ?" ಬೈಲಪ್ಪ ಹತ್ತಿರ ಬಂದ.

ಅವಳು ಜನರ ಕಡೆ ತಿರುಗಿದಳು. ಬೈಯುವಾಗ ಸಲೀಸಾಗಿ ಹರಿಯುವ ನಾಲಿಗೆ ಈಗ ಒಣಗಿತ್ತು. "ಆಷಾಢದಲ್ಲಿ ನೀರು ಕೆಟ್ಟಿದ್ದು ನನ್ನಿಂದ. ದಿನಾ ಮಿಕ್ಕ ಹೂವ ತಂದು ಇದಕ್ಕೇ ಸುರೀತಿದ್ದೆ. ಹೂವ ಕೊಳೆತು ಪಾಚಿ ಎದ್ದಿದ್ದು. ಅನುಸೂಯನ್ನ ಅಂದೆ, ತಪ್ಪು. ಅತ್ತೇನ ಬ್ಯಾಡದ್ದೆಲ್ಲ ಅಂದೆ. ಅವರದ್ದೇನೂ ಇಲ್ಲ."

ಇಂಥ ದಿನಕ್ಕೆ ಕಾದು ಕೂತಿದ್ದ ಊರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಬೈಲಪ್ಪನಿಗೆ ತಿಳಿಯಿತು. "ಸರಿ ಬಿಡು. ಹಂಗಾದ್ರೆ ಗೌರಿ ಮುಡಿದ ಹೂವ ಎಲ್ಲಿಗೆ ಹಾಕ್ಬೇಕು, ನೀನೇ ಹೇಳು. ತಿಪ್ಪೆಗಾ?"

ಹೆಂಗಸರು ಗಲ್ಲ ಬಡಿದುಕೊಂಡರು. ತಿಪ್ಪೆಗೆ ಅಂತ ಅವಳು ಹೇಳಬೇಕಿತ್ತು. ತನ್ನ ಬಾಡಿದ ಸೇವಂತಿಗೆಯನ್ನೇ ಹಾಕಲಾರದವಳು ಊರ ಗೌರಿಯ ಹೂವಿಗೆ ಯಾವ ಬಾಯಲ್ಲಿ ಹೇಳುತ್ತಾಳೆ? ಅವಳು ತಲೆ ತಗ್ಗಿಸಿದಳು. ಬೈಲಪ್ಪ ಎತ್ತಿನ ಹಗ್ಗಕ್ಕೆ ಕೈಹಾಕಿದ.

ಆಗ ಸಪ್ಪಲಮ್ಮ ಕೋಲೂರಿಕೊಂಡು ಜನರ ನಡುವೆ ಬಂದಳು. ಅನುಸೂಯಮ್ಮನ ಕೈಯಲ್ಲಿದ್ದ ಗೌರಿಗೆ ಕೈಮುಗಿದು, ಕೊರಳಿನ ಹಾರ ತೆಗೆದಳು, ಮುಡಿಯ ಹೂವು ತೆಗೆದಳು, ಮೊರದಲ್ಲಿದ್ದುದನ್ನೂ ಎತ್ತಿ ತನ್ನ ಮಡಿಲಿಗೆ ತುಂಬಿಕೊಂಡಳು. ನಡೆದು ತಿಪ್ಪೆಯ ಹತ್ತಿರ ಹೋಗಿ ಮಡಿಲು ಬಿಚ್ಚಿದಳು. ಹೂವು ಸಗಣಿಯ ಮೇಲೆ ಬಿತ್ತು.

ಊರಿನಲ್ಲಿ ಒಂದು ದಿನವೂ ಮಡಿ ತಪ್ಪದವಳು, ಒಂದು ಎಸಳನ್ನೂ ತುಳಿಯದವಳು ಅವಳು.

"ನೋಡ್ತಾ ನಿಂತ್ಯಲ್ಲ," ಎಂದು ಮಗನನ್ನು ಕರೆದಳು. "ಮಣ್ಣು ತಂದಿದ್ದೀಯಲ್ಲ, ತಂದು ಇದರ ಮೇಲೆ ಹಾಕು. ಕೋಳಿ ಕೆದಕ್ದಂಗೆ, ಯಾರೂ ತುಳೀದಂಗೆ. ಭೂಮ್ತಾಯಿ ಮಡ್ಲೂ ಮಡ್ಲೇ."

ಹೆತ್ತ ತಾಯಿ ಹೂವು ಹಾಕಿ ನಿಂತಿದ್ದಾಳೆ, ಬೈಲಪ್ಪ ಯಾವ ನ್ಯಾಯ ತೆಗೆಯುತ್ತಾನೆ? ಗೊಣಗುತ್ತಾ ಗಾಡಿ ತಿರುಗಿಸಿದ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು, ಕೊನೆಗೆ ಸಾಲಾಗಿ ಬಂದರು. ಹೂವು ತಿಪ್ಪೆಗೆ ಹೋಯಿತು, ಮೇಲೆ ಮಣ್ಣು ಬಿತ್ತು. ಬೋಳುಮಣ್ಣಿನ ಗೌರಿಯರು ಒಬ್ಬೊಬ್ಬರಾಗಿ ತಿಳಿನೀರಿಗಿಳಿದರು. ಗೊದಮೊಟ್ಟೆಗಳು ಚೆದುರಿ ಮತ್ತೆ ಸೇರಿದವು.

ಜನ ಕರಗಿದ ಮೇಲೆ ಮುತ್ಯಾಲಮ್ಮ ಅತ್ತೆಯ ಹತ್ತಿರ ಬಂದಳು. "ನೀನ್ಯಾಕೆ ಹೋದೆ ಅತ್ತೆ? ನಾನೇ ಹಾಕ್ತಿದ್ದೆ," ಅಂದಳು.

"ನೀನೆಲ್ಲಿ ಹಾಕ್ತಿದ್ದೆ. ಆಷಾಢದಲ್ಲಿ ಕುಕ್ಕೆ ಹಿಡ್ಕೊಂಡು ಇಲ್ಲಿ ನಿಂತಿದ್ದೆಯಲ್ಲ, ಕಾಣ್ಸಲ್ಲ ಅಂದ್ಕೊಂಡ್ಯಾ?" ಸಪ್ಪಲಮ್ಮ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಪಾಪ ಅನ್ನೋದು ಇದ್ರೆ ನನಗೆ ಬರ್ಲಿ ಬಿಡು. ನಂದು ಮುಗೀತು. ನೀನು ಹೂವ ಬೆಳೆಯೋಳು, ನಿನ್ ಕೈಗೆ ಅಂಟ್ಬಾರ್ದು."

ಅತ್ತೆಯ ಸೆರಗಿನ ಅಂಚಿಗೆ ನಾಲ್ಕಾರು ಸೇವಂತಿಗೆ ಎಸಳು ಅಂಟಿಕೊಂಡಿದ್ದವು. ಮುತ್ಯಾಲಮ್ಮ ನೆಲಕ್ಕೆ ಕೂತು ಅವನ್ನು ಒಂದೊಂದಾಗಿ ಬಿಡಿಸಿದಳು, ಎದ್ದು ಹೋಗಿ ತನ್ನ ಕೈಯಾರೆ ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿದಳು.